ಮೈಯೊಳಗಿನ ಊರು: ರಾತ್ರಿ ಮಲಗದ ನೀರುಗಂಟಿ



ಈ ತಿಂಗಳ ಓದಿಗೆ ಮೊದಲು ಒಂದು ಸಣ್ಣ ಕೆಲಸವಿದೆ. ಗಡಿಯಾರವನ್ನೋ ಅಮ್ಮನ ಫೋನನ್ನೋ ಎದುರಿಗೆ ಇಟ್ಟುಕೊಳ್ಳಿ. ಒಂದು ಕೈಯನ್ನು ಹೊಟ್ಟೆಯ ಮೇಲಿಡಿ. ಒಂದು ನಿಮಿಷದಲ್ಲಿ ಆ ಕೈ ಎಷ್ಟು ಸಲ ಮೇಲೆದ್ದು ಕೆಳಗಿಳಿಯುತ್ತದೆ ಎಂದು ಎಣಿಸಿ. ಸುಮ್ಮನೆ ಕುಳಿತಿರುವ ದೊಡ್ಡವರಿಗೆ 12ರಿಂದ 20ರ ಒಳಗೆ ಬರುತ್ತದೆ. ಮಕ್ಕಳಿಗೆ ಸ್ವಲ್ಪ ಹೆಚ್ಚು ಬರುತ್ತದೆ. ತೊಟ್ಟಿಲ ಕೂಸಿಗೆ ಇನ್ನೂ ಹೆಚ್ಚು.

ಈಗ ಲೆಕ್ಕ ಮಾಡೋಣ. ನಿಮಿಷಕ್ಕೆ 15 ಉಸಿರು ಎಂದಿಟ್ಟುಕೊಳ್ಳಿ. ಗಂಟೆಗೆ 900 ಆಯಿತು. 24 ಗಂಟೆಗೆ 21,600. ಈ ಸಂಖ್ಯೆಯನ್ನು ನಿಮ್ಮ ಅಜ್ಜ ಅಜ್ಜಿಗೆ ಹೇಳಿ ನೋಡಿ, ಕೆಲವರು ಕೂಡಲೇ ಗುರುತು ಹಿಡಿಯುತ್ತಾರೆ. ನಮ್ಮ ಹಳೆಯ ಯೋಗದ ಗ್ರಂಥಗಳಲ್ಲಿ ಮನುಷ್ಯನಿಗೆ ದಿನಕ್ಕೆ 21,600 ಉಸಿರು ಎಂದೇ ಲೆಕ್ಕ.

ಇಷ್ಟು ಉಸಿರುಗಳಲ್ಲಿ ನೀವು ನೆನಪಿಟ್ಟುಕೊಂಡು ಎಳೆದದ್ದು ಎಷ್ಟು? ಈಗ ಎಣಿಸಿದ ಹದಿನೈದಿಪ್ಪತ್ತು ಇರಬಹುದು, ಅಷ್ಟೇ. ಉಳಿದದ್ದನ್ನೆಲ್ಲ ಯಾರು ಎಳೆದರು? ನೀವು ಟಿವಿ ನೋಡುವಾಗ, ಗಣಿತದ ಪರೀಕ್ಷೆ ಬರೆಯುವಾಗ, ರಾತ್ರಿ ಗಾಢ ನಿದ್ದೆಯಲ್ಲಿ ಇರುವಾಗ ಒಂದು ಉಸಿರೂ ತಪ್ಪದಂತೆ ನೋಡಿಕೊಂಡವರು ಯಾರು? ಈ ತಿಂಗಳು ಅವರ ಪರಿಚಯ.

ನೀರುಗಂಟಿ ಎಂದರೆ ಯಾರು?

ಕರ್ನಾಟಕದ ಬಯಲುಸೀಮೆಯ ಹಳ್ಳಿಗಳಲ್ಲಿ ಕೆರೆಯ ನೀರಿನಿಂದ ಬೇಸಾಯ ನಡೆಯುತ್ತಿತ್ತು. ಕೆರೆಯ ತೂಬು ಎತ್ತಿ ನೀರು ಬಿಡುವುದು, ಕಾಲುವೆ ಒಡೆಯದಂತೆ ಕಾಯುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳುವುದು, ಇದಕ್ಕೆಲ್ಲ ಊರಿನಲ್ಲಿ ಒಬ್ಬರು ಇರುತ್ತಿದ್ದರು. ಅವರೇ ನೀರುಗಂಟಿ. ಊರೆಲ್ಲ ಮಲಗಿದ್ದರೂ ನೀರುಗಂಟಿ ಕೈಯಲ್ಲಿ ಲಾಟೀನು ಹಿಡಿದು ಬದುಗಳ ಮೇಲೆ ಓಡಾಡುತ್ತಿದ್ದ. ಬೆಳಿಗ್ಗೆ ಎದ್ದವರಿಗೆ ಗದ್ದೆಯಲ್ಲಿ ನೀರು ನಿಂತಿರುವುದು ಕಾಣುತ್ತಿತ್ತು, ಅದನ್ನು ಬಿಟ್ಟವನು ಕಾಣುತ್ತಿರಲಿಲ್ಲ.

ನಮ್ಮ ಮೈಯೊಳಗೂ ಅಂಥ ಒಬ್ಬ ನೀರುಗಂಟಿ ಇದ್ದಾನೆ. ಅವನ ಮನೆ ಮೆದುಳುಕಾಂಡ.

ತಲೆಯ ಹಿಂಭಾಗ ಕುತ್ತಿಗೆಗೆ ಸೇರುವ ಜಾಗವನ್ನು ಮುಟ್ಟಿ ನೋಡಿ. ಅದರ ಒಳಗೆ, ದೊಡ್ಡ ಮೆದುಳಿನ ಕೆಳಗೆ, ಹೂಕೋಸಿನ ದಂಟಿನಂತೆ ಒಂದು ಭಾಗ ಇದೆ. ಉದ್ದ ಸುಮಾರು ಮೂರು ಅಂಗುಲ. ದಪ್ಪ ಹೆಚ್ಚುಕಡಿಮೆ ಅಪ್ಪನ ಹೆಬ್ಬೆರಳಿನಷ್ಟು. ಇದೇ ಮೆದುಳುಕಾಂಡ. ಇದರ ತೀರಾ ಕೆಳಗಿನ ಭಾಗಕ್ಕೆ ಮೆಡುಲ್ಲಾ ಎಂದು ಹೆಸರು. ಮೆಡುಲ್ಲಾ ಕೆಳಗಿಳಿದು ಬೆನ್ನುಹುರಿಯಾಗಿ ಮುಂದುವರಿಯುತ್ತದೆ. ಬೆನ್ನುಹುರಿ ಬೆನ್ನುಮೂಳೆಯ ಕೊಳವೆಯೊಳಗೆ ಇಳಿಯುವ ನರದ ಹಗ್ಗ. ದೊಡ್ಡವರಲ್ಲಿ ಅದರ ಉದ್ದ ಸುಮಾರು 45 ಸೆಂಟಿಮೀಟರು, ದಪ್ಪ ಕೈಯ ಕಿರುಬೆರಳಿನಷ್ಟು.

ಮೆಡುಲ್ಲಾದ ಒಳಗೆ ಎಡಕ್ಕೊಂದು ಬಲಕ್ಕೊಂದು, ಕೆಲವೇ ಸಾವಿರ ನರಕೋಶಗಳ ಪುಟ್ಟ ಗುಂಪು ಇದೆ. ಉಸಿರಿನ ತಾಳ ಹುಟ್ಟುವುದು ಅಲ್ಲಿ. 1991ರಲ್ಲಿ ಜಾಕ್ ಫೆಲ್ಡ್‌ಮನ್, ಜೆಫ್ರಿ ಸ್ಮಿತ್ ಮತ್ತು ಅವರ ಜೊತೆಗಾರರು ಇದನ್ನು ಇಲಿಮರಿಗಳಲ್ಲಿ ತೋರಿಸಿಕೊಟ್ಟರು. ಮೆದುಳುಕಾಂಡದ ಒಂದು ತೆಳು ಹೋಳನ್ನು ಬೇರೆ ಮಾಡಿ ದ್ರವದಲ್ಲಿ ಇಟ್ಟರೂ ಆ ಗುಂಪು ಉಸಿರಿನ ತಾಳವನ್ನು ಬಿಡದೆ ಹಾಕುತ್ತಿತ್ತು! ಇದಕ್ಕೆ ಪ್ರಿ-ಬಾಟ್ಸಿಂಗರ್ ಗುಂಪು ಎಂದು ಹೆಸರು. ಈ ವಿಚಿತ್ರ ಹೆಸರಿನ ಮೂಲ ಜರ್ಮನಿಯ ಒಂದು ಊರು. ವಿಜ್ಞಾನಿಗಳ ಸಭೆಯ ಊಟದ ಮೇಜಿನ ಮೇಲಿದ್ದ ದ್ರಾಕ್ಷಾರಸದ ಬಾಟಲಿಯಿಂದ ಪಕ್ಕದ ನರಕೋಶಗಳ ಗುಂಪಿಗೆ ಬಾಟ್ಸಿಂಗರ್ ಎಂದು ಹೆಸರಿಟ್ಟಿದ್ದರು. ಆಮೇಲೆ ಸಿಕ್ಕಿದ ಇದಕ್ಕೂ ಅದೇ ಹೆಸರು ಅಂಟಿಕೊಂಡಿತು.

ಕಾಲುವೆಯ ದಾರಿ

ನೀರುಗಂಟಿ ತೂಬು ಎತ್ತಿದ ಮಾತ್ರಕ್ಕೆ ಗದ್ದೆಗೆ ನೀರು ಬರುವುದಿಲ್ಲ. ಕಾಲುವೆ ಬೇಕು, ಕಾಲುವೆಯಿಂದ ಗದ್ದೆಗೆ ನೀರು ಇಳಿಯುವ ಮಡೆಯೂ ಬೇಕು. ಮೈಯಲ್ಲಿ ಆ ಕಾಲುವೆಯೇ ಬೆನ್ನುಹುರಿ.

ಮೆಡುಲ್ಲಾದಿಂದ ಹೊರಟ ಆದೇಶ ಬೆನ್ನುಹುರಿಯಲ್ಲಿ ಇಳಿಯುತ್ತದೆ. ಕುತ್ತಿಗೆಯ ಮೂರನೆಯ, ನಾಲ್ಕನೆಯ ಮತ್ತು ಐದನೆಯ ಮಟ್ಟಕ್ಕೆ ಬಂದಾಗ ಅಲ್ಲಿ ಕಾದಿರುವ ನರಕೋಶಗಳನ್ನು ಅದು ಎಬ್ಬಿಸುತ್ತದೆ. ಆ ನರಕೋಶಗಳಿಂದ ಹೊರಡುವ ಉದ್ದನೆಯ ನರ ಎದೆಯ ಉದ್ದಕ್ಕೂ ಇಳಿದು ವಪೆಯನ್ನು ಮುಟ್ಟುತ್ತದೆ. ವಪೆ ಎಂದರೆ ಎದೆಗೂ ಹೊಟ್ಟೆಗೂ ನಡುವೆ ಬಿಡಿಸಿದ ಕೊಡೆಯಂತೆ ಹರಡಿರುವ ಸ್ನಾಯು. ಆದೇಶ ಬಂದಾಗ ವಪೆ ಕೆಳಗೆ ಇಳಿಯುತ್ತದೆ, ಎದೆಯೊಳಗೆ ಜಾಗ ಹಿಗ್ಗುತ್ತದೆ, ಮೂಗಿನಿಂದ ಗಾಳಿ ಒಳಗೆ ನುಗ್ಗುತ್ತದೆ. ಆದೇಶ ನಿಂತಾಗ ವಪೆ ಸಡಿಲವಾಗಿ ಮೇಲೇರುತ್ತದೆ, ಗಾಳಿ ಹೊರಗೆ ಹೋಗುತ್ತದೆ. ನಿಮ್ಮ ಹೊಟ್ಟೆಯ ಮೇಲಿನ ಕೈ ಏರಿಳಿದದ್ದು ಈ ಕಾರಣಕ್ಕೆ. ಪಕ್ಕೆಲುಬುಗಳ ನಡುವಿನ ಸ್ನಾಯುಗಳಿಗೂ ಬೆನ್ನುಹುರಿಯ ಇನ್ನೂ ಕೆಳಗಿನ ಮಟ್ಟದಿಂದ ಹೀಗೆಯೇ ಆದೇಶ ಹೋಗುತ್ತದೆ.

ಒಂದು ತೂಬಿಗೆ ಇಬ್ಬರು

ಆದರೆ ಊರಿಗೆ ಒಬ್ಬ ಯಜಮಾನನೂ ಇರುತ್ತಾನಲ್ಲ? ನಮ್ಮ ಮೈಯಲ್ಲಿ ಯಜಮಾನ ಎಂದರೆ ಮೇಲಿನ ದೊಡ್ಡ ಮೆದುಳು, ಮಹಾಮಸ್ತಿಷ್ಕ. ಹಾಡು ಹೇಳಬೇಕು, ಹುಟ್ಟುಹಬ್ಬದ ಮೇಣದಬತ್ತಿ ಆರಿಸಬೇಕು, ಕೊಳಲು ಊದಬೇಕು ಎಂದಾಗ ಯಜಮಾನನೇ ಹಗಲಿನಲ್ಲಿ ಬಂದು ಉಸಿರನ್ನು ತನಗೆ ಬೇಕಾದ ಹಾಗೆ ಬಿಡುತ್ತಾನೆ. ಅವನ ಆದೇಶ ಇಳಿಯುವ ದಾರಿ ಬೆನ್ನುಹುರಿಯಲ್ಲಿ ಬೇರೆಯೇ ಇದೆ. ನೀರುಗಂಟಿಯ ದಾರಿಯೂ ಬೇರೆ. ಎರಡೂ ಕೊನೆಗೆ ಸೇರುವುದು ಅದೇ ಗದ್ದೆಗೆ, ಅದೇ ವಪೆಗೆ.

ಇಬ್ಬರಲ್ಲಿ ಯಾರ ಕೈ ಮೇಲು? ಕುರ್ಚಿಯಲ್ಲಿ ಕುಳಿತೇ ಉಸಿರು ಹಿಡಿದು ನೋಡಿ. ಯಜಮಾನ ತೂಬು ಮುಚ್ಚಿದ. ಹತ್ತು ಸೆಕೆಂಡು ಸುಲಭ. ಇಪ್ಪತ್ತು, ಮೂವತ್ತು ಆಗುತ್ತಾ ಎದೆಯಲ್ಲಿ ಒದ್ದಾಟ ಶುರುವಾಗುತ್ತದೆ. ಕೊನೆಗೆ ಬೇಡವೆಂದರೂ ಬಾಯಿ ತೆರೆದು ಗಾಳಿ ಎಳೆಯುತ್ತೀರಿ. ಯಜಮಾನನ ಕೈಯಿಂದ ನೀರುಗಂಟಿ ತೂಬು ಕಿತ್ತುಕೊಂಡ ಕ್ಷಣ ಅದು.

ಅವನಿಗೆ ಹೊತ್ತಾಯಿತೆಂದು ಹೇಗೆ ಗೊತ್ತಾಯಿತು? ಆಮ್ಲಜನಕ ಮುಗಿಯಿತೆಂದೇ? ಬಹುಮಟ್ಟಿಗೆ ಅಲ್ಲ. ಉಸಿರು ಹಿಡಿದಾಗ ಹೊರಗೆ ಹೋಗಬೇಕಾದ ಇಂಗಾಲದ ಡೈಆಕ್ಸೈಡ್ ರಕ್ತದಲ್ಲಿ ತುಂಬಿಕೊಳ್ಳುತ್ತದೆ. ಮೆಡುಲ್ಲಾದಲ್ಲಿರುವ ಕೆಲವು ನರಕೋಶಗಳು ಅದನ್ನೇ ಅಳೆಯುತ್ತಿರುತ್ತವೆ. ಕೆರೆಯ ಮಟ್ಟ ನೋಡುವ ಅಳತೆಗಲ್ಲು ಇದ್ದ ಹಾಗೆ. ಈ ವಿಷಯ ನೆನಪಿರಲಿ. ಈಜುಕೊಳದ ಬಳಿ ಬಂದಾಗ ಇದರಿಂದಲೇ ಒಂದು ಜೀವದ ಮಾತು ಹೇಳಬೇಕಿದೆ.

ಡ್ಯಾಲಸ್‌ನ ಒಬ್ಬ ಹುಡುಗ

ನೀರುಗಂಟಿ ಮತ್ತು ಯಜಮಾನ ಎಂಬ ಈ ಇಬ್ಬರನ್ನು ಇಡೀ ಜೀವನದುದ್ದಕ್ಕೂ ದಿನದಿನವೂ ಅರಿತು ಬದುಕಿದ ಒಬ್ಬರು ನಮ್ಮ ಟೆಕ್ಸಸ್‌ನಲ್ಲೇ ಇದ್ದರು. ಜಾರ್ಜ್‌ಟೌನ್‌ನಿಂದ ಐ-35 ಹಿಡಿದು ಉತ್ತರಕ್ಕೆ ಎರಡೂವರೆ ಗಂಟೆ ಹೋದರೆ ಅವರ ಊರು ಡ್ಯಾಲಸ್. ಅವರ ಹೆಸರು ಪಾಲ್ ಅಲೆಕ್ಸಾಂಡರ್.

1952ರ ಬೇಸಿಗೆ. ಅಮೆರಿಕದಲ್ಲಿ ಪೋಲಿಯೋ ಅತಿ ಹೆಚ್ಚು ಹರಡಿದ ವರ್ಷ ಅದು. ಆ ಒಂದೇ ವರ್ಷ ಸುಮಾರು 58,000 ಜನರಿಗೆ ರೋಗ ತಗುಲಿತು, 3,000ಕ್ಕೂ ಹೆಚ್ಚು ಜನ ತೀರಿಕೊಂಡರು. ಲಸಿಕೆ ಇನ್ನೂ ಬಂದಿರಲಿಲ್ಲ. ಪಾಲ್‌ಗೆ ಆಗ ಆರು ವರ್ಷ. ಅಂಗಳದಲ್ಲಿ ಆಡುತ್ತಿದ್ದ ಹುಡುಗನಿಗೆ ಜ್ವರ ಬಂತು. ಕೆಲವೇ ದಿನಗಳಲ್ಲಿ ಕೈಕಾಲು ಆಡದಾಯಿತು, ಉಸಿರೂ ಸೋಲತೊಡಗಿತು. ಪಾರ್ಕ್‌ಲ್ಯಾಂಡ್ ಆಸ್ಪತ್ರೆಯಲ್ಲಿ ವೈದ್ಯರೊಬ್ಬರು ತುರ್ತಾಗಿ ಶಸ್ತ್ರಚಿಕಿತ್ಸೆ ಮಾಡಿ ಗಂಟಲಲ್ಲಿ ಉಸಿರಿಗೆ ದಾರಿ ಮಾಡಿಕೊಟ್ಟರು. ಹುಡುಗ ಕಣ್ಣು ಬಿಟ್ಟಾಗ ಒಂದು ದೊಡ್ಡ ಉಕ್ಕಿನ ಪೆಟ್ಟಿಗೆಯೊಳಗೆ ಇದ್ದ. ತಲೆ ಮಾತ್ರ ಹೊರಗೆ.

ಪೋಲಿಯೋ ವೈರಸ್ ಬಾಯಿಯ ಮೂಲಕ ಒಳಗೆ ಹೋಗಿ ಕರುಳಿನಲ್ಲಿ ಬೆಳೆಯುತ್ತದೆ. ಹೆಚ್ಚಿನವರಿಗೆ ಅದು ಬಂದುಹೋದದ್ದೂ ತಿಳಿಯುವುದಿಲ್ಲ. ಆದರೆ ಸುಮಾರು 200 ಜನರಲ್ಲಿ ಒಬ್ಬರಿಗೆ ಅದು ಬೆನ್ನುಹುರಿಗೆ ನುಗ್ಗುತ್ತದೆ. ಅಲ್ಲಿ ಸ್ನಾಯುಗಳಿಗೆ ಆದೇಶ ಕೊಡುವ ನರಕೋಶಗಳನ್ನೇ ಆರಿಸಿಕೊಂಡು ಕೊಲ್ಲುತ್ತದೆ. ಸ್ಪರ್ಶ, ನೋವು ತಿಳಿಸುವ ನರಕೋಶಗಳ ತಂಟೆಗೆ ಹೋಗುವುದಿಲ್ಲ. ಹಾಗಾಗಿ ಕೈ ಆಡದಿದ್ದರೂ ಆ ಕೈಯನ್ನು ಅಮ್ಮ ಹಿಡಿದದ್ದು ಮಗುವಿಗೆ ತಿಳಿಯುತ್ತದೆ.

ನಮ್ಮ ಊರಿನ ಲೆಕ್ಕದಲ್ಲಿ ಹೇಳುವುದಾದರೆ, ಕೆರೆ ಇದೆ, ನೀರುಗಂಟಿ ತೂಬು ಎತ್ತುತ್ತಲೇ ಇದ್ದಾನೆ, ಆದರೆ ಗದ್ದೆಗೆ ನೀರು ಇಳಿಯುವ ಮಡೆಗಳೇ ಮುಚ್ಚಿಹೋಗಿವೆ. ಪಾಲ್ ಅವರ ವಪೆಗೂ ಎದೆಯ ಸ್ನಾಯುಗಳಿಗೂ ಆದೇಶ ಮುಟ್ಟುತ್ತಿರಲಿಲ್ಲ.

ಆ ಉಕ್ಕಿನ ಪೆಟ್ಟಿಗೆಗೆ ಉಕ್ಕಿನ ಶ್ವಾಸಕೋಶ ಎನ್ನುತ್ತಾರೆ. ಹಾರ್ವರ್ಡ್‌ನಲ್ಲಿದ್ದ ಫಿಲಿಪ್ ಡ್ರಿಂಕರ್ ಮತ್ತು ಲೂಯಿ ಶಾ ಅವರು ಮಾಡಿದ ಯಂತ್ರ ಇದು. 1928ರಲ್ಲಿ ಬಾಸ್ಟನ್‌ನಲ್ಲಿ ಮೊದಲ ಬಾರಿಗೆ ಒಂದು ಮಗುವಿಗೆ ಬಳಸಿದರು. ಕೆಲಸ ಮಾಡುವ ಬಗೆ ಸರಳ. ತಿದಿಯಂಥ ಪಂಪು ಪೆಟ್ಟಿಗೆಯೊಳಗಿನ ಗಾಳಿಯನ್ನು ಹೊರಗೆ ಎಳೆದಾಗ ಒಳಗಿರುವವರ ಎದೆ ಹಿಗ್ಗುತ್ತದೆ, ಹೊರಗಿರುವ ಮೂಗು ಬಾಯಿಂದ ಗಾಳಿ ಒಳಗೆ ಹೋಗುತ್ತದೆ. ಪಂಪು ಗಾಳಿಯನ್ನು ಮತ್ತೆ ಬಿಟ್ಟಾಗ ಎದೆ ಕುಗ್ಗಿ ಉಸಿರು ಹೊರಬರುತ್ತದೆ. ವಪೆ ಒಳಗಿನಿಂದ ಮಾಡುವುದನ್ನೇ ಯಂತ್ರ ಹೊರಗಿನಿಂದ ಮಾಡುತ್ತದೆ.

ಕಪ್ಪೆಯಿಂದ ಕಲಿತ ಉಸಿರು

ಒಂದೂವರೆ ವರ್ಷ ಆಸ್ಪತ್ರೆಯಲ್ಲಿದ್ದು ಪಾಲ್ ಮನೆಗೆ ಬಂದರು. ಯಂತ್ರವೂ ಜೊತೆಗೆ ಬಂತು. ಆಗ ಅವರಿಗೆ ವ್ಯಾಯಾಮ ಕಲಿಸಲು ಬರುತ್ತಿದ್ದ ಒಬ್ಬ ಮಹಿಳೆ ಒಂದು ಪಂದ್ಯ ಕಟ್ಟಿದರು. ಯಂತ್ರದ ಸಹಾಯವಿಲ್ಲದೆ ಮೂರು ನಿಮಿಷ ಉಸಿರಾಡಿದರೆ ನಾಯಿಮರಿ ಕೊಡಿಸುತ್ತೇನೆ ಎಂದರು.

ಉಸಿರಾಡುವುದು ಹೇಗೆ? ಕಪ್ಪೆಗೆ ವಪೆ ಇಲ್ಲ. ಅದು ಬಾಯಿಯ ತಳವನ್ನು ಕೆಳಗೆ ಮೇಲೆ ಮಾಡಿ ಗಾಳಿಯನ್ನು ಗಂಟಲಿನಿಂದ ಒಳಕ್ಕೆ ನೂಕುತ್ತದೆ. ಮಳೆ ಬಂದ ಮರುದಿನ ಹಿತ್ತಲಲ್ಲಿ ಕೂತ ಕಪ್ಪೆಯ ಗಂಟಲು ಪಟಪಟ ಬಡಿದುಕೊಳ್ಳುವುದನ್ನು ನೀವು ನೋಡಿರಬಹುದು. ಪಾಲ್ ಕಲಿತದ್ದೂ ಅದನ್ನೇ. ಬಾಯಿಗೆ ಒಂದು ಗುಟುಕು ಗಾಳಿ ತುಂಬಿಕೊಂಡು, ನಾಲಿಗೆ ಮತ್ತು ಗಂಟಲಿನಿಂದ ಅದನ್ನು ಶ್ವಾಸಕೋಶಕ್ಕೆ ನೂಕುವುದು. ಮತ್ತೆ ಇನ್ನೊಂದು ಗುಟುಕು. ಹೀಗೆ ಹಲವು ಗುಟುಕು ಸೇರಿದರೆ ಒಂದು ಉಸಿರು.

ಇದು ಸಾಧ್ಯವಾದದ್ದು ಹೇಗೆ ಎಂಬುದರಲ್ಲೇ ಈ ತಿಂಗಳ ಪಾಠ ಇದೆ. ನಾಲಿಗೆ ಮತ್ತು ಗಂಟಲಿನ ನರಗಳು ಮುಖ್ಯವಾಗಿ ಮೆದುಳುಕಾಂಡದಿಂದಲೇ ಹೊರಡುತ್ತವೆ. ವೈರಸ್ ಕೊಂದ ಬೆನ್ನುಹುರಿಯ ಆ ನರಕೋಶಗಳನ್ನು ಅವು ಆಶ್ರಯಿಸಿಲ್ಲ. ಕಾಲುವೆ ಕೆಟ್ಟರೂ ಕೆರೆಯ ಪಕ್ಕದ ಬಾವಿ ಉಳಿದ ಹಾಗೆ. ಆದರೆ ಬಾವಿಯ ನೀರನ್ನು ನೀರುಗಂಟಿ ಹರಿಸಲಾರ, ಯಜಮಾನನೇ ಕೊಡದಲ್ಲಿ ಹೊತ್ತು ಗದ್ದೆಗೆ ಸುರಿಯಬೇಕು. ಪ್ರತಿಯೊಂದು ಗುಟುಕನ್ನೂ ನೆನಪಿಟ್ಟು ನುಂಗಬೇಕು.

ಮೂರು ನಿಮಿಷ ತಲುಪಲು ಪಾಲ್‌ಗೆ ಸುಮಾರು ಒಂದು ವರ್ಷ ಹಿಡಿಯಿತು. ನಾಯಿಮರಿ ಬಂತು. ಆಮೇಲೆ ಮೂರು ನಿಮಿಷ ಗಂಟೆಗಳಾದವು. ಗಾಲಿಕುರ್ಚಿಯಲ್ಲಿ ಕುಳಿತು ಹೊರಗಿನ ಲೋಕ ನೋಡುವಂತಾಯಿತು. ಒಂದು ದಿನವೂ ತರಗತಿಯಲ್ಲಿ ಕೂರದೆ, ಮನೆಯಿಂದಲೇ ಓದಿ ಹೈಸ್ಕೂಲು ಮುಗಿಸಿದರು. ಬರೆಯಲು ಕೈ ಇಲ್ಲದ ಕಾರಣ ಪಾಠವನ್ನೆಲ್ಲ ಬಾಯಿಪಾಠ ಮಾಡಿಕೊಂಡರು. ಡ್ಯಾಲಸ್‌ನಲ್ಲಿ ಕಾಲೇಜು ಸೇರಿ, ಅಲ್ಲಿಂದ ನಮ್ಮ ಪಕ್ಕದ ಆಸ್ಟಿನ್‌ಗೆ, ಟೆಕ್ಸಸ್ ವಿಶ್ವವಿದ್ಯಾಲಯಕ್ಕೆ ಬಂದರು. 1984ರಲ್ಲಿ ಅಲ್ಲಿಯೇ ಕಾನೂನು ಪದವಿ ಪಡೆದರು. ಮುಂದೆ ಡ್ಯಾಲಸ್‌ನಲ್ಲಿ ವಕೀಲರಾಗಿ, ಸೂಟು ತೊಟ್ಟು, ಗಾಲಿಕುರ್ಚಿಯಲ್ಲಿ ನ್ಯಾಯಾಲಯಕ್ಕೆ ಹೋಗಿ ವಾದ ಮಾಡಿದರು. ಬಾಯಲ್ಲಿ ಕಡ್ಡಿ ಹಿಡಿದು ಕೀಲಿ ಒತ್ತುತ್ತಾ, ಗೆಳೆಯರ ನೆರವಿನಿಂದ ತಮ್ಮ ಜೀವನದ ಕತೆ ಬರೆದರು. 2020ರಲ್ಲಿ ಬಂದ ಆ ಪುಸ್ತಕಕ್ಕೆ ಅವರು ಇಟ್ಟ ಹೆಸರಿನಲ್ಲೇ ಆ ಮೂರು ನಿಮಿಷವೂ ಆ ನಾಯಿಯೂ ಇವೆ.

ಆದರೆ ಪ್ರತಿ ರಾತ್ರಿ ಅವರು ಉಕ್ಕಿನ ಪೆಟ್ಟಿಗೆಗೆ ಮರಳಲೇಬೇಕಿತ್ತು. ಯಾಕೆ ಹೇಳಿ? ನಿದ್ದೆ ಬಂದರೆ ಯಜಮಾನ ಮಲಗುತ್ತಾನೆ. ಕೊಡ ಹೊರುವವರು ಯಾರೂ ಇರುವುದಿಲ್ಲ. ಮಲಗದ ನೀರುಗಂಟಿ ಮೇಲೆ ತೂಬು ಎತ್ತುತ್ತಿದ್ದರೂ ಮಡೆಗಳು ಮುಚ್ಚಿವೆ. ಎಷ್ಟು ಓದಿದರೂ, ಎಷ್ಟು ಛಲವಿದ್ದರೂ ಮನುಷ್ಯ ನಿದ್ದೆಯಲ್ಲಿ ತನ್ನ ಇಚ್ಛೆಯಿಂದ ಉಸಿರಾಡಲಾರ. 70 ವರ್ಷಕ್ಕೂ ಹೆಚ್ಚು ಕಾಲ ಹೀಗೆ ಬಾಳಿದ ಪಾಲ್ ಅಲೆಕ್ಸಾಂಡರ್ 2024ರ ಮಾರ್ಚ್ 11ರಂದು, 78ನೆಯ ವಯಸ್ಸಿನಲ್ಲಿ, ಡ್ಯಾಲಸ್‌ನಲ್ಲಿ ತೀರಿಕೊಂಡರು.

ಇದಕ್ಕೆ ತಿರುವುಮುರುವಾದ ಸ್ಥಿತಿಯೂ ಉಂಟು. ತೀರಾ ಅಪರೂಪಕ್ಕೆ ಕೆಲವು ಮಕ್ಕಳು ಹುಟ್ಟುವಾಗಲೇ ನೀರುಗಂಟಿಯ ಕೆಲಸ ಸರಿಯಾಗಿ ನಡೆಯದಂತೆ ಹುಟ್ಟುತ್ತಾರೆ. ಅವರ ಕಾಲುವೆ, ಮಡೆ, ಗದ್ದೆ ಎಲ್ಲ ಸರಿ ಇವೆ. ಎಚ್ಚರವಿದ್ದಾಗ ಅವರಲ್ಲಿ ಬಹಳಷ್ಟು ಮಕ್ಕಳು ಓಡುತ್ತಾರೆ, ಆಡುತ್ತಾರೆ. ಮಲಗಿದಾಗ ಉಸಿರು ಕುಂದಿಹೋಗುತ್ತದೆ. ಅವರೂ ರಾತ್ರಿ ಯಂತ್ರದ ಸಹಾಯದಿಂದಲೇ ಮಲಗಬೇಕು. 2003ರಲ್ಲಿ ಇದಕ್ಕೆ ಕಾರಣವಾದ ಜೀನು ಪತ್ತೆಯಾಯಿತು.

ನೀರುಗಂಟಿಯ ಇತರ ಕೆಲಸಗಳು

ಉಸಿರಷ್ಟೇ ಅಲ್ಲ, ಇನ್ನೂ ಹಲವು ಕೆಲಸಗಳು ಅವನ ಪಾಲಿಗಿವೆ. ಅನ್ನ ನುಂಗುವಾಗ ಉಸಿರಿನ ದಾರಿ ಮುಚ್ಚಿ, ಹತ್ತಾರು ಸ್ನಾಯುಗಳನ್ನು ಸಾಲಾಗಿ ಆಡಿಸುವವನು ಅವನು. ಒಗ್ಗರಣೆಯ ಮೆಣಸಿನಕಾಯಿ ಘಾಟಿಗೆ ಕೆಮ್ಮಿಸುವವನು, ಸೀನಿಸುವವನು ಅವನೇ. ಹೃದಯದ ಬಡಿತ ಏರಿಸಿ ಇಳಿಸುವುದು, ಕೆಟ್ಟದ್ದು ತಿಂದರೆ ವಾಂತಿ ಮಾಡಿಸುವುದು ಕೂಡ ಅಲ್ಲಿಂದಲೇ. ಬಿಕ್ಕಳಿಕೆ ಬಂದರೆ ಯಾರೋ ನೆನೆಸಿಕೊಳ್ಳುತ್ತಿದ್ದಾರೆ ಎಂದು ಅಜ್ಜಿ ಹೇಳುತ್ತಾರೆ. ನಿಜವಾಗಿ ಆಗುವುದು ವಪೆ ಥಟ್ಟನೆ ಎಳೆದುಕೊಂಡು, ಅದೇ ಕ್ಷಣ ಗಂಟಲ ಬಾಗಿಲು ಮುಚ್ಚಿಕೊಳ್ಳುವುದು. ಅಜ್ಜಿ ನೆನೆಸಿಕೊಂಡಿರುವುದೂ ಸುಳ್ಳಾಗಿರಲಿಕ್ಕಿಲ್ಲ, ಫೋನು ಮಾಡಿ ಕೇಳಿ.

ಆಸ್ಟಿನ್‌ನ ಬಾರ್ಟನ್ ಸ್ಪ್ರಿಂಗ್ಸ್‌ಗೆ ಇಳಿದವರಿಗೆ ಇನ್ನೊಂದು ಅನುಭವ ಗೊತ್ತು. ಆ ಚಿಲುಮೆಯ ನೀರು ವರ್ಷವಿಡೀ ಸುಮಾರು 20ರಿಂದ 21 ಡಿಗ್ರಿ ಸೆಲ್ಸಿಯಸ್. ಸುಡುವ ಬಿಸಿಲಿನಿಂದ ಸೀದಾ ನೀರಿಗೆ ಧುಮುಕಿದರೆ ಬಾಯಿ ತೆರೆದು ಒಂದು ದೊಡ್ಡ ಉಸಿರನ್ನು ಎಳೆದುಕೊಂಡೇ ಬಿಡುತ್ತೇವೆ. ಯಾರೂ ಯೋಚಿಸಿ ಎಳೆದದ್ದಲ್ಲ ಅದು. ಚರ್ಮಕ್ಕೆ ತಟ್ಟಿದ ಚಳಿಯ ಸುದ್ದಿ ಬೆನ್ನುಹುರಿಯಲ್ಲಿ ಮೇಲೇರಿ ಮೆದುಳುಕಾಂಡ ಮುಟ್ಟಿದ ಕೂಡಲೇ ಹೊರಟ ಆದೇಶ. ಆ ಕ್ಷಣ ತಲೆ ನೀರಿನೊಳಗೆ ಇದ್ದರೆ ಎಳೆದುಕೊಳ್ಳುವುದು ಗಾಳಿಯನ್ನಲ್ಲ, ನೀರನ್ನು. ಹಾಗಾಗಿ ತಣ್ಣೀರಿಗೆ ಮೆಟ್ಟಿಲಿಂದ ಮೆಲ್ಲಗೆ ಇಳಿಯಿರಿ.

ಮನೆಗೆ ಬೇಕಾದ ನಾಲ್ಕು ಮಾತು

ಇದಿಷ್ಟು ತಿಳಿದ ಮೇಲೆ ನಮ್ಮ ಮನೆಗಳಲ್ಲಿ ಏನು ಮಾಡಬೇಕು?

ಮೊದಲನೆಯದು, ಈಜುಕೊಳ. ನೀರಿನೊಳಗೆ ಯಾರು ಹೆಚ್ಚು ಹೊತ್ತು ಉಸಿರು ಹಿಡಿಯುತ್ತಾರೆ ಎಂಬ ಪಂದ್ಯ ಮಕ್ಕಳಿಗೆ ಬಹಳ ಇಷ್ಟ. ಗೆಲ್ಲಬೇಕೆಂದು ಕೆಲವರು ಮುಳುಗುವ ಮೊದಲು ಜೋರಾಗಿ ಹತ್ತಾರು ಸಲ ಉಸಿರು ಎಳೆದು ಬಿಡುತ್ತಾರೆ. ಇದರಿಂದ ರಕ್ತದ ಆಮ್ಲಜನಕ ಹೇಳಿಕೊಳ್ಳುವಷ್ಟು ಹೆಚ್ಚುವುದಿಲ್ಲ, ಇಂಗಾಲದ ಡೈಆಕ್ಸೈಡ್ ಮಾತ್ರ ತೀರಾ ಇಳಿದುಹೋಗುತ್ತದೆ. ನೀರುಗಂಟಿ ನೋಡುವುದು ಅದೇ ಅಳತೆಗಲ್ಲನ್ನು. ಮಟ್ಟ ಕೆಳಗಿರುವುದರಿಂದ ಅವನು ಎಚ್ಚರಿಕೆ ಕೊಡುವುದಿಲ್ಲ. ಅಷ್ಟರಲ್ಲಿ ಆಮ್ಲಜನಕ ಮುಗಿದು, ಒದ್ದಾಟವೇ ಇಲ್ಲದೆ, ಮಗು ನೀರಿನೊಳಗೆ ಎಚ್ಚರ ತಪ್ಪುತ್ತದೆ. ಚೆನ್ನಾಗಿ ಈಜು ಬರುವ ದೊಡ್ಡ ಹುಡುಗರೂ ಹೀಗೆ ಪ್ರಾಣ ಕಳೆದುಕೊಂಡಿದ್ದಾರೆ. ಈ ಪಂದ್ಯ ನಮ್ಮ ಮಕ್ಕಳಿಗೆ ಬೇಡ. ಕಪಾಲಭಾತಿ ಮಾಡುವವರು ಅದನ್ನು ಚಾಪೆಯ ಮೇಲೆ ಮಾಡಲಿ, ನೀರಿಗೆ ಇಳಿಯುವ ಮೊದಲು ಖಂಡಿತ ಬೇಡ. ಮಕ್ಕಳು ನೀರಿನಲ್ಲಿ ಇರುವಷ್ಟು ಹೊತ್ತು ದೊಡ್ಡವರೊಬ್ಬರು ಫೋನು ಬದಿಗಿಟ್ಟು ಕಣ್ಣಿಟ್ಟಿರಲಿ.

ಎರಡನೆಯದು, ಕುತ್ತಿಗೆ. ವಪೆಯ ನರಕೋಶಗಳು ಕುತ್ತಿಗೆಯಲ್ಲಿ ಇವೆ ಎಂದು ಓದಿದಿರಲ್ಲ? ಆಳ ಗೊತ್ತಿಲ್ಲದ ನೀರಿಗೆ ತಲೆ ಮುಂದಾಗಿ ಹಾರಿ ತಳಕ್ಕೆ ಬಡಿದರೆ ಪೆಟ್ಟು ಬೀಳುವುದು ಅಲ್ಲಿಗೇ. ನಮ್ಮ ಸ್ಯಾನ್ ಗೇಬ್ರಿಯಲ್ ಹೊಳೆಯಲ್ಲಿ ಮಳೆ ಬಂದಂತೆ ನೀರಿನ ಮಟ್ಟ ಬದಲಾಗುತ್ತದೆ. ಹೋದ ತಿಂಗಳು ಆಳವಿದ್ದ ಜಾಗ ಈ ತಿಂಗಳು ಹಾಗೇ ಇರಬೇಕೆಂದಿಲ್ಲ. ಮೊದಲ ಸಲ ಯಾವಾಗಲೂ ಕಾಲು ಮುಂದಾಗಿಯೇ ಇಳಿಯಿರಿ. ಯಾರಿಗಾದರೂ ಕುತ್ತಿಗೆಗೆ ಪೆಟ್ಟಾಗಿದೆ ಎನಿಸಿದರೆ ತಲೆಯನ್ನು ತಿರುಗಿಸದೆ, ಅಲುಗಾಡಿಸದೆ, 911ಕ್ಕೆ ಕರೆ ಮಾಡಿ.

ಮೂರನೆಯದು, ಪುಟ್ಟ ಕೂಸು. ಕೂಸಿನ ನೀರುಗಂಟಿ ಇನ್ನೂ ಕೆಲಸ ಕಲಿಯುತ್ತಿರುತ್ತಾನೆ. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸುಗಳು ನಡುನಡುವೆ ಉಸಿರಾಡುವುದನ್ನೇ ಮರೆಯುವುದುಂಟು. ಅಂಥ ಕೂಸುಗಳಿಗೆ ಆಸ್ಪತ್ರೆಯಲ್ಲಿ ಕೊಡುವ ಔಷಧಿ ಯಾವುದು ಗೊತ್ತೇ? ಕೆಫೀನ್! ನಮ್ಮ ಚಿಕ್ಕಮಗಳೂರಿನ ಕಾಫಿಯಲ್ಲಿರುವ ಅದೇ ವಸ್ತು, ವೈದ್ಯರು ಅಳೆದು ಕೊಡುವ ಪ್ರಮಾಣದಲ್ಲಿ. ಮನೆಯ ಕೂಸನ್ನು ಬೆನ್ನ ಮೇಲೆಯೇ ಮಲಗಿಸಿ. ಹಾಸಿಗೆ ಗಟ್ಟಿಯಾಗಿರಲಿ, ಪಕ್ಕದಲ್ಲಿ ದಿಂಬು, ಕೌದಿ, ಗೊಂಬೆ ಬೇಡ. ಊರಿನಿಂದ ಬಂದ ಅಜ್ಜಿಯರಿಗೆ ಇದನ್ನು ಪ್ರೀತಿಯಿಂದ ತಿಳಿಸಿ ಹೇಳಿ.

ನಾಲ್ಕನೆಯದು, ಲಸಿಕೆ. ಪೋಷಕರೇ, ಪಲ್ಸ್ ಪೋಲಿಯೋ ಭಾನುವಾರಗಳು ನಿಮಗೆ ನೆನಪಿರಬೇಕು. ಭಾರತದಲ್ಲಿ 1995ರಲ್ಲಿ ಶುರುವಾದ ಆ ಕಾರ್ಯಕ್ರಮದಲ್ಲಿ ಬಸ್ ನಿಲ್ದಾಣ, ಶಾಲೆ, ಅಂಗನವಾಡಿ ಎಲ್ಲ ಕಡೆ ಬೂತು ಇರುತ್ತಿತ್ತು. ಎರಡು ಹನಿ ಬಾಯಿಗೆ, ಕಿರುಬೆರಳಿಗೆ ಒಂದು ಶಾಯಿ ಗುರುತು. ನಿಮ್ಮಲ್ಲಿ ಕೆಲವರು ಆ ಶಾಯಿ ಹಾಕಿಸಿಕೊಂಡವರು, ಇನ್ನು ಕೆಲವರು ತಮ್ಮ ತಂಗಿಯರನ್ನು ಎತ್ತಿಕೊಂಡು ಹೋದವರು. ಭಾರತದಲ್ಲಿ ಕೊನೆಯ ಪೋಲಿಯೋ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರ ಮಾರ್ಚ್ 27ರಂದು ವಿಶ್ವ ಆರೋಗ್ಯ ಸಂಸ್ಥೆ ನಮ್ಮ ಪ್ರದೇಶವನ್ನು ಪೋಲಿಯೋ ಮುಕ್ತ ಎಂದು ಸಾರಿತು. ಅಮೆರಿಕದಲ್ಲಿ ಲಸಿಕೆ ಬಂದದ್ದು 1955ರಲ್ಲಿ, ಪಾಲ್ ಹಾಸಿಗೆ ಹಿಡಿದು ಮೂರು ವರ್ಷ ಕಳೆದ ಮೇಲೆ. ಇಲ್ಲಿ ಈಗ ಕೊಡುವುದು ಹನಿಯಲ್ಲ, ಚುಚ್ಚುಮದ್ದು. ಶಾಲೆಗೆ ಸೇರಿಸುವಾಗ ಕೇಳುವ ಲಸಿಕೆಗಳ ಪಟ್ಟಿಯಲ್ಲಿ ಅದೂ ಇದೆ. ಆ ಸಾಲನ್ನು ತುಂಬುವಾಗ ಅದು ಬರೀ ಕಾಗದದ ಕೆಲಸವೆಂದು ಎಣಿಸಬೇಡಿ. ನಿಮ್ಮ ಮಗುವಿನ ಬೆನ್ನುಹುರಿಯ ಮಡೆಗಳನ್ನು ಕಾಯುವ ಸಾಲು ಅದು.

ಕೊನೆಗೆ ಹ್ಯೂಸ್ಟನ್ ಕಡೆಯಿಂದ ಒಂದು ಒಳ್ಳೆಯ ಸುದ್ದಿ. 1950ರ ದಶಕದಲ್ಲಿ ಅಲ್ಲಿ ಡಾಕ್ಟರ್ ವಿಲಿಯಂ ಸ್ಪೆನ್ಸರ್ ಅವರು ಉಸಿರು ಸೋತ ಪೋಲಿಯೋ ರೋಗಿಗಳಿಗಾಗಿ ಒಂದು ಕೇಂದ್ರ ನಡೆಸುತ್ತಿದ್ದರು. ಲಸಿಕೆ ಬಂದು ಪೋಲಿಯೋ ಕಡಿಮೆಯಾದಾಗ ಆ ಅನುಭವ ವ್ಯರ್ಥವಾಗಲಿಲ್ಲ. 1959ರಲ್ಲಿ ಟಿಐಆರ್‌ಆರ್ ಎಂಬ ಆಸ್ಪತ್ರೆ ಶುರುವಾಯಿತು. ಬೆನ್ನುಹುರಿಗೆ ಪೆಟ್ಟಾದವರಿಗೆ ಮತ್ತೆ ಉಸಿರಾಡಲು, ಕೂರಲು, ಬದುಕು ಕಟ್ಟಿಕೊಳ್ಳಲು ಅಲ್ಲಿ ಇಂದಿಗೂ ಕಲಿಸುತ್ತಾರೆ. ಒಂದು ರೋಗದಿಂದ ಕಲಿತ ಪಾಠ ಬೇರೆಯವರ ಕೈ ಹಿಡಿಯಿತು.

ಈ ತಿಂಗಳ ಪದಗಳು

ಮೆದುಳುಕಾಂಡ: ಮೆದುಳನ್ನು ಬೆನ್ನುಹುರಿಗೆ ಸೇರಿಸುವ ದಂಟಿನಂಥ ಭಾಗ.
ಬೆನ್ನುಹುರಿ: ಬೆನ್ನುಮೂಳೆಯ ಒಳಗಿನ ನರಗಳ ಹಗ್ಗ.
ವಪೆ: ಎದೆಗೂ ಹೊಟ್ಟೆಗೂ ನಡುವಿನ ಉಸಿರಿನ ಸ್ನಾಯು.
ತೂಬು: ಕೆರೆಯಿಂದ ನೀರು ಬಿಡುವ ಬಾಗಿಲು.
ಮಡೆ: ಕಾಲುವೆಯಿಂದ ಗದ್ದೆಗೆ ನೀರು ಇಳಿಯುವ ಕಿಂಡಿ.
ಗುಟುಕು: ಒಂದು ಸಲ ಬಾಯಿ ತುಂಬಿ ನುಂಗುವಷ್ಟು.

ಮನೆಗೆಲಸ

ಮಕ್ಕಳೇ, ಈ ವಾರ ಎರಡು ಕೆಲಸ. ಮೊದಲನೆಯದು, ಮನೆಯಲ್ಲಿ ಯಾರಾದರೂ ಗಾಢ ನಿದ್ದೆಯಲ್ಲಿದ್ದಾಗ ಸದ್ದು ಮಾಡದೆ ಒಂದು ನಿಮಿಷ ಅವರ ಉಸಿರು ಎಣಿಸಿ. ಎಚ್ಚರವಿದ್ದಾಗ ಮತ್ತೆ ಎಣಿಸಿ. ಎರಡನ್ನೂ ಬರೆದುಕೊಂಡು ಹೋಲಿಸಿ. ಎರಡನೆಯದು, ಊರಿನಲ್ಲಿರುವ ಅಜ್ಜ ಅಜ್ಜಿಗೆ ಫೋನು ಮಾಡಿ, ಅವರ ಹಳ್ಳಿಯಲ್ಲಿ ನೀರುಗಂಟಿ ಇದ್ದರೇ, ಅವರು ಏನೇನು ಕೆಲಸ ಮಾಡುತ್ತಿದ್ದರು ಎಂದು ಕೇಳಿ. ಕೇಳಿದ್ದನ್ನು ಐದು ಸಾಲು ಕನ್ನಡದಲ್ಲಿ ಬರೆದು ಮುಂದಿನ ತರಗತಿಗೆ ತನ್ನಿ.

ಮುಂದಿನ ತಿಂಗಳು ಬಿಸಿ ತವೆ ಮುಟ್ಟಿದ ಕೈ, ಮೆದುಳಿಗೆ ಸುದ್ದಿ ತಿಳಿಯುವ ಮೊದಲೇ ಹಿಂದಕ್ಕೆ ಬರುವುದು ಹೇಗೆ ಎಂದು ನೋಡೋಣ. ಅಲ್ಲಿಯವರೆಗೆ ಚೆನ್ನಾಗಿ ಉಂಡು, ಚೆನ್ನಾಗಿ ಮಲಗಿ. ಉಸಿರಿನ ಚಿಂತೆ ನಿಮಗೆ ಬೇಡ, ಅದನ್ನು ನೋಡಿಕೊಳ್ಳಲು ಆಳಿದ್ದಾನೆ.